ಗಾಳದ ಸಮಾರಂಭ

ಕನ್ನಡದ ದಿನಬಳಕೆಯಲ್ಲಿ 'ಸಮಾರಂಭ' ಎಂದರೆ ಸಭೆ, ಸಂಭ್ರಮ. ಜೈನ ಸಿದ್ಧಾಂತದ ಪರಿಭಾಷೆಯಲ್ಲಿ ಅದೇ ಶಬ್ದಕ್ಕೆ ಬೇರೊಂದು, ಹೆಚ್ಚು ಗಂಭೀರವಾದ ಅರ್ಥವಿದೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ಆರನೆಯ ಅಧ್ಯಾಯದಲ್ಲಿ ಪಾಪಕ್ಕೆ ಆಧಾರವಾಗುವ ಜೀವಾಧಿಕರಣವನ್ನು ವಿಭಜಿಸುವಾಗ ಮೂರು ಮೆಟ್ಟಿಲುಗಳನ್ನು ಹೇಳುತ್ತದೆ. ಕೃತ್ಯವನ್ನು ಸಂಕಲ್ಪಿಸುವುದು ಸಂರಂಭ. ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿಕೊಳ್ಳುವುದು ಸಮಾರಂಭ. ಕೃತ್ಯಕ್ಕೆ ತೊಡಗುವುದು ಆರಂಭ. ಈ ಮೂರನ್ನು ಮನ-ವಚನ-ಕಾಯಗಳಿಂದಲೂ, ಕೃತ-ಕಾರಿತ-ಅನುಮೋದಿತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳ ಸಂಖ್ಯೆಗೂ ಇದೇ ಕಾರಣವನ್ನು ಹಿರಿಯರು ಹೇಳುತ್ತ ಬಂದಿದ್ದಾರೆ.

ಈ ಪಾಠವನ್ನು ಇಂದು ನೆನಪಿಸಬೇಕಾದ ಅಗತ್ಯವಿದೆ. ರಜೆಯ ಪ್ರವಾಸ, ವಿದೇಶದ ಉದ್ಯೋಗ, ಗೆಳೆಯರ ಒಡನಾಟ ಇವುಗಳ ಮೂಲಕ ಮೋಜಿನ ಮೀನುಬೇಟೆಯು ಸುಶಿಕ್ಷಿತ ಕುಟುಂಬಗಳ ಯುವಕರನ್ನೂ ಸೆಳೆಯಬಲ್ಲದು. ಅದರ ಒಂದು ಬಗೆ, ಜಪಾನಿನಲ್ಲಿ ಪರಿಷ್ಕಾರಗೊಂಡು ಅಂಡಮಾನಿನ ಪ್ರವಾಸಿ ದೋಣಿಗಳವರೆಗೂ ಬಂದಿರುವ 'ಜಿಗ್ಗಿಂಗ್'. ಮೀನಿನಾಕಾರದ ಹೊಳೆಯುವ ಲೋಹದ ತುಂಡನ್ನು, ಸಾಮಾನ್ಯವಾಗಿ ಸೀಸದ್ದನ್ನು, ದೋಣಿಯಿಂದ ನೇರವಾಗಿ ಆಳಕ್ಕೆ ಇಳಿಸುತ್ತಾರೆ. ಬಳಿಕ ಕೋಲನ್ನು ಎತ್ತುತ್ತ ತಗ್ಗಿಸುತ್ತ, ಗಾಯಗೊಂಡ ಮರಿಮೀನು ತತ್ತರಿಸುವಂತೆ ಅದನ್ನು ಕುಣಿಸಿ ದೊಡ್ಡ ಮೀನನ್ನು ವಂಚಿಸುತ್ತಾರೆ. ಇದನ್ನೇ ಅವರು ಕ್ರೀಡೆಯೆಂದು ಕರೆಯುತ್ತಾರೆ.

"ಕೋಲು ಕೊಳ್ಳುವುದರಲ್ಲಿ ಏನು ಪಾಪ? ಅದು ನಿರ್ಜೀವ ವಸ್ತು, ಯಂತ್ರಕೌಶಲದ ಅಭಿರುಚಿ" ಎಂಬ ವಾದವಿದೆ. ಆ ಅಭಿರುಚಿಯ ವಿವರಗಳನ್ನೇ ಪರೀಕ್ಷಿಸೋಣವಾಗಲಿ. ಕೋಲು ಐದರಿಂದ ಏಳು ಅಡಿ ಉದ್ದದ ಕಾರ್ಬನ್ ನಾರಿನದು. ಅದರ ದರ್ಜೆ ನಿರ್ಧಾರವಾಗುವುದು ಎಷ್ಟು ಗ್ರಾಂ ತೂಕದ ಜಿಗ್ಗನ್ನು ಕುಣಿಸಬಲ್ಲದು, ಎಷ್ಟು ಬಲದ ದಾರವನ್ನು ತಾಳಬಲ್ಲದು ಎಂಬುದರಿಂದ. ರೀಲಿನ ಹಲ್ಲುಚಕ್ರದ ಅನುಪಾತ ಆರಕ್ಕೆ ಒಂದಿದ್ದರೆ ಹಿಡಿಯನ್ನು ಒಮ್ಮೆ ತಿರುಗಿಸಿದಾಗ ಚಕ್ರ ಆರು ಸುತ್ತು ತಿರುಗುತ್ತದೆ. ದೊಡ್ಡ ರೀಲಿನಲ್ಲಿ ಮೀಟರಿಗೂ ಹೆಚ್ಚು ದಾರ ಮೇಲೇರುತ್ತದೆ. 'ಡ್ರ್ಯಾಗ್' ಎಂಬ ತಡೆಯು ಹತ್ತು ಕಿಲೋಗ್ರಾಂಗೂ ಮೀರಿದ ಸೆಳೆತಕ್ಕೆ ಎದುರು ನಿಲ್ಲುತ್ತದೆ. ಮುನ್ನೂರು ಮೀಟರ್ ಹೆಣೆದ ಪಾಲಿಥೀನ್ ದಾರ ಅದರಲ್ಲಿ ಸುತ್ತಿಕೊಂಡಿರುತ್ತದೆ. ಅತ್ಯುನ್ನತ ದರ್ಜೆಯ ರೀಲಿನ ಬೆಲೆ ಅಮೆರಿಕದಲ್ಲಿ 1,000 ಡಾಲರ್ ದಾಟುತ್ತದೆ. ಹಳೆಯದನ್ನು ಬಿಟ್ಟು ಹೊಸದನ್ನು, ಹೊಸದನ್ನು ಬಿಟ್ಟು ಇನ್ನೂ ಮೇಲಿನದನ್ನು ಕೊಳ್ಳುವುದೇ ಈ ಹವ್ಯಾಸದ ಅರ್ಧ ಸುಖ.

ಈ ಎಲ್ಲ ಅಳತೆಗಳ ಮಾನದಂಡ ಯಾವುದು? ಆಳದಲ್ಲಿ ಪ್ರಾಣಕ್ಕಾಗಿ ಸೆಣಸುವ ಪಂಚೇಂದ್ರಿಯ ಜೀವಿಯೊಂದರ ಬಲ. ಅದು ಓಡುವ ದೂರವೇ ದಾರದ ಉದ್ದ. ಅದರ ಸೆಳೆತವೇ ಡ್ರ್ಯಾಗಿನ ತೂಕ. ಮೀನಿನ ಸಂಕಟವನ್ನು ಮೊದಲೇ ಎಣಿಸಿ, ಅದನ್ನು ಮೀರಿಸುವಂತೆ ರಚಿಸಿದ ಉಪಕರಣವು ತಟಸ್ಥ ವಸ್ತುವಾಗುವುದು ಹೇಗೆ? ಅಂಗಡಿಯಲ್ಲಿ ಕೋಲನ್ನು ಬಾಗಿಸಿ ನೋಡುವವನು ಇನ್ನೂ ಸಮುದ್ರವನ್ನು ಕಂಡಿಲ್ಲದಿರಬಹುದು. ಆದರೆ ಸಂರಂಭವನ್ನು ದಾಟಿ ಸಮಾರಂಭದಲ್ಲಿ ನಿಂತಿದ್ದಾನೆ. ನಾಲ್ಕು ಕಷಾಯಗಳೂ ಅಲ್ಲಿ ಹಾಜರಿವೆ. ಹೊಳೆಯುವ ಜಿಗ್ ಮಾಯೆ. ಮೇಲ್ದರ್ಜೆಯ ರೀಲಿನ ಹಂಬಲ ಲೋಭ. ಹಿಡಿದ ಮೀನನ್ನೆತ್ತಿ ತೆಗೆಸಿಕೊಳ್ಳುವ ಛಾಯಾಚಿತ್ರ ಮಾನ. ದಾರ ಕಡಿದಾಗ ಉಕ್ಕುವುದು ಕ್ರೋಧ.

"ಹಿಡಿದ ಮೀನನ್ನು ಕೊಲ್ಲುವುದಿಲ್ಲ, ಮರಳಿ ಬಿಡುತ್ತೇವೆ" ಎಂಬುದು ಎರಡನೆಯ ವಾದ. ತೊಂಬತ್ತು ಮೀಟರ್ ಆಳದಲ್ಲಿ ನೀರಿನ ಒತ್ತಡ ಮೇಲ್ಮೈಯ ಹತ್ತು ಪಟ್ಟು. ಗ್ರೂಪರ್, ಸ್ನ್ಯಾಪರ್ ಮುಂತಾದ ಮೀನುಗಳ ಗಾಳಿಚೀಲ ಮುಚ್ಚಿದ್ದು. ಅವನ್ನು ಸರಸರನೆ ಮೇಲೆಳೆದರೆ ಒಳಗಿನ ಅನಿಲ ಹಿಗ್ಗುತ್ತದೆ, ಗಾಳಿಚೀಲ ಬಿರಿಯಬಹುದು, ಜಠರ ಬಾಯಿಯಿಂದ ಹೊರಚಾಚುತ್ತದೆ, ಕಣ್ಣುಗುಡ್ಡೆಗಳು ಉಬ್ಬುತ್ತವೆ. ಹಾಗೆ ಬಿಟ್ಟ ಮೀನು ಅನೇಕ ವೇಳೆ ಕೆಳಗಿಳಿಯಲಾರದೆ ತೇಲುತ್ತದೆ. ವೇಗದ ರೀಲು ಇಲ್ಲಿ ಕೌಶಲವಲ್ಲ, ಕ್ಲೇಶ. ಟ್ರೌಟ್ ಮೀನಿನ ಮುಖದಲ್ಲಿ ಹಾನಿಯನ್ನು ಗ್ರಹಿಸುವ ನರಾಗ್ರಗಳಿವೆಯೆಂದು ಬ್ರಿಟನ್ನಿನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ಮರಳಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡ್ 2008ರ ಪ್ರಾಣಿರಕ್ಷಣಾ ನಿಯಮಗಳಿಂದ ನಿಷೇಧಿಸಿತು. ಮಾಂಸಾಹಾರವನ್ನು ಒಪ್ಪಿದ ದೇಶಕ್ಕೂ ಅರಿವಾದ ಸತ್ಯ ಜೈನನಿಗೆ ಅರಿವಾಗದೆ ಹೋದರೆ ಅದಕ್ಕಿಂತ ನಾಚಿಕೆಗೇಡು ಬೇರೊಂದಿಲ್ಲ.

ಕೆಲವರು ಮೃಗಸೇನ ಧೀವರನ ಕಥೆಯನ್ನು ಮುಂದೊಡ್ಡಬಹುದು. ಆತನೂ ಮೀನನ್ನು ಹಿಡಿದು ಬಿಟ್ಟವನೇ ಅಲ್ಲವೇ? ಹೌದು. ಬಲೆಗೆ ಬಿದ್ದ ಮೊದಲ ಮೀನನ್ನು ಬಿಡುವೆನೆಂದು ಮುನಿಗಳ ಮುಂದೆ ವ್ರತ ತೊಟ್ಟ ಬಡ ಬೆಸ್ತ ಅವನು. ಅದೇ ಮೀನು ಐದು ಬಾರಿ ಬಂದು ಬಿದ್ದರೂ ಬಿಟ್ಟ. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ಹಾಕಿಕೊಂಡಳು. ಅವನ ಬಿಡುಗಡೆ ತ್ಯಾಗ. ಅದಕ್ಕಾಗಿ ಅವನು ತನ್ನ ಅನ್ನವನ್ನೇ ತೆತ್ತ. ಮೋಜುಗಾರನ ಬಿಡುಗಡೆಯಾದರೋ ಮತ್ತೊಮ್ಮೆ ಹಿಡಿಯುವ ಭೋಗದ ಮುಂದುವರಿಕೆ; ಅದಕ್ಕಾಗಿ ಅವನು ತೆರುವುದು ಏನೂ ಇಲ್ಲ.

ಮೂರನೆಯ ವಾದ ಇನ್ನೂ ಸೂಕ್ಷ್ಮವಾದುದು: "ಬಲವಾದ ಕೋಲು-ರೀಲುಗಳಿದ್ದರೆ ಸೆಣಸಾಟ ಬೇಗ ಮುಗಿಯುತ್ತದೆ, ಮೀನು ಕಡಿಮೆ ಬಳಲುತ್ತದೆ, ಆದುದರಿಂದ ಮೇಲ್ದರ್ಜೆಗೆ ಏರುವುದೇ ದಯೆ." ಹಾಗಾದರೆ ಅದೇ ಮಾರುಕಟ್ಟೆಯು ತೆಳುವಾದ, ಹಗುರವಾದ ಕೋಲುಗಳನ್ನು ಹೊಗಳುವುದೇಕೆ? ಆಳದ ಒಂದೊಂದು ಮಿಡಿತವೂ ಅಂಗೈಗೆ ತಿಳಿಯಲಿ ಎಂದು. ಬಲದ ಹೆಸರಿನಲ್ಲಿ ದಯೆಯನ್ನೂ ಹಗುರದ ಹೆಸರಿನಲ್ಲಿ ರೋಮಾಂಚನವನ್ನೂ ಮಾರುವ ವ್ಯಾಪಾರದಲ್ಲಿ ದಯೆಯೆಂಬುದು ಬರಿಯ ಸರಕಿನ ಚೀಟಿ. ಮೀನಿನ ಬಳಲಿಕೆಯ ಚಿಂತೆ ನಿಜವಾದುದಾದರೆ ಅದಕ್ಕೆ ತಕ್ಕ ಕೋಲು ಒಂದೇ: ಕೊಳ್ಳದೆ ಬಿಟ್ಟ ಕೋಲು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನಿಷ್ಪ್ರಯೋಜಕ ಪಾಪಗಳನ್ನು ಐದು ಅನರ್ಥದಂಡಗಳಾಗಿ ಎಣಿಸಿದೆ. ಯಾವ ಮೀನಿಗೆ ಯಾವ ರೀಲು ಎಂದು ಸಲಹೆ ಕೊಡುವುದು ಪಾಪೋಪದೇಶ. ಆ ಉಪಕರಣವನ್ನು ಮಾರುವುದು, ಎರವಲು ಕೊಡುವುದು, ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ನೀಡುವುದು ಹಿಂಸಾದಾನ. ಮುಂದಿನ ಬೇಟೆಯನ್ನು ಕನಸುವುದು ಅಪಧ್ಯಾನ. ಬೇಟೆಯ ವರ್ಣನೆಗಳನ್ನು ಸವಿಯುವುದು ದುಃಶ್ರುತಿ. ಕಡಿದ ದಾರವನ್ನೂ ಸೀಸವನ್ನೂ ಕಡಲತಳದಲ್ಲಿ ಬಿಟ್ಟು ಬರುವುದು ಪ್ರಮಾದಚರ್ಯೆ. ಐದಕ್ಕೆ ಐದೂ ಒಂದೇ ಹವ್ಯಾಸದಲ್ಲಿ ನೆರೆದಿವೆ.

ಕರಾವಳಿಯ ಮೊಗವೀರರನ್ನು ದೂಷಿಸುವುದಕ್ಕೆ ಈ ವಿಚಾರವನ್ನು ಬಳಸಬಾರದು. ಮೀನುಗಾರಿಕೆ ಶ್ರಾವಕನ ವೃತ್ತಿಯಲ್ಲ, ನಿಜ. ಆದರೆ ಹೊಟ್ಟೆಪಾಡಿಗಾಗಿ ಕಡಲಿಗಿಳಿಯುವವನಿಗೂ ಸಾವಿರ ಡಾಲರಿನ ರೀಲು ಹಿಡಿದು ಬೇಸರ ಕಳೆಯುವವನಿಗೂ ಕಷಾಯದ ತೀವ್ರತೆಯಲ್ಲಿ ಅಜಗಜಾಂತರವಿದೆ. ಎರಡನೆಯದು ಶುದ್ಧ ಸಂಕಲ್ಪೀ ಹಿಂಸೆ. ಅಣುವ್ರತಿಯಾದ ಗೃಹಸ್ಥನೂ ಮೊದಲು ತ್ಯಜಿಸಬೇಕಾದುದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರಕ್ಕೆ ಭವಭವಗಳಲ್ಲಿ ತೊಳಲಿದ ಅರಸನ ಕಥೆಯನ್ನು ಜನ್ನನ ಯಶೋಧರ ಚರಿತೆಯಲ್ಲಿ ಓದುತ್ತ ಬಂದ ನಾಡು ಇದು. ಆ ಅರಸ ತಳೆದ ಜನ್ಮಗಳಲ್ಲಿ ಮೀನಿನದೂ ಒಂದು. ದಿಗಂಬರ ಪರಂಪರೆಯಲ್ಲಿ ಅರನಾಥ ತೀರ್ಥಂಕರರ ಲಾಂಛನವೂ ಮೀನೇ.

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯವನ್ನು ಮನೆಯವರ ಖಾಸಗಿ ಆಯ್ಕೆಯೆಂದು ಕೈಬಿಡಲಾಗದು. ಟ್ರಸ್ಟಿನ ಮಳಿಗೆಯನ್ನು ಬಾಡಿಗೆಗೆ ಕೊಡುವ ಕರಾರಿನಲ್ಲಿ ಮದ್ಯ-ಮಾಂಸಗಳ ಜೊತೆಗೆ ಬೇಟೆಯ ಉಪಕರಣಗಳ ಮಾರಾಟವನ್ನೂ ನಿಷೇಧಿಸಲಿ. ಯುವಕರ ಪ್ರವಾಸವನ್ನು ಕಡಲತೀರಕ್ಕೆ ಕರೆದೊಯ್ಯುವಾಗ ಗಾಳದ ದೋಣಿಯನ್ನು ಕಾರ್ಯಕ್ರಮದಿಂದ ಹೊರಗಿಡಲಿ. ಪಾಠಶಾಲೆಯಲ್ಲಿ 108ರ ಲೆಕ್ಕವನ್ನು ಬಾಯಿಪಾಠ ಮಾಡಿಸಿ ಬಿಡದೆ, ಸಮಾರಂಭದ ಅರ್ಥವನ್ನು ಅಂಗಡಿಯ ಉದಾಹರಣೆಯಿಂದ ಬಿಡಿಸಿ ಹೇಳಲಿ. ತಂದೆತಾಯಿಗಳು ಮಗನ ಕೈಗೆ ದುರ್ಬೀನನ್ನೋ ಈಜುವ ಕನ್ನಡಕವನ್ನೋ ಕೊಡಲಿ. ಕಡಲಿನ ಸೊಬಗನ್ನು ನೋಡಲು ಅಷ್ಟು ಸಾಕು. ಗಾಳವು ನೀರಿಗೆ ಬಿದ್ದ ಮೇಲೆ ಉಪದೇಶಕ್ಕೆ ಸಮಯವಿರುವುದಿಲ್ಲ. ಹಣ ಎಣಿಸುವ ಮುನ್ನವೇ ಕೈ ತಡೆಯಬೇಕು.