ಮುಂದಿನ ಗಾಲಿಗಳಿಗೆ ಬೀಗವೇಕೆ?

ರಾಗಿಯ ಕಣದಲ್ಲಿ ರೋಣಗಲ್ಲನ್ನೆಳೆಯುವ ಜೋಡಿ ಎತ್ತುಗಳನ್ನು ಕಂಡವರಿಗೆ ಮೋಟಾರು ವಾಹನದ ಡಿಫರೆನ್ಷಿಯಲ್ ಎಂಬ ಯಂತ್ರಭಾಗದ ತತ್ತ್ವವನ್ನು ಹೊಸದಾಗಿ ಬೋಧಿಸಬೇಕಾದ ಅಗತ್ಯವಿಲ್ಲ. ಒಳಸುತ್ತಿನ ಎತ್ತು ಸಾವಕಾಶವಾಗಿ ಹೆಜ್ಜೆಯಿಡುತ್ತಿರುವಾಗ ಹೊರಸುತ್ತಿನದು ಅಷ್ಟೇ ಕಾಲದಲ್ಲಿ ಹೆಚ್ಚು ನೆಲವನ್ನು ಕ್ರಮಿಸಬೇಕು. ಎರಡಕ್ಕೂ ಒಂದೇ ನಡಿಗೆಯನ್ನು ವಿಧಿಸಿದರೆ ನೊಗ ತಿರುಚೀತು, ಸುತ್ತು ಕೆಟ್ಟೀತು. ತಿರುವಿನಲ್ಲಿ ಸಾಗುವ ವಾಹನದ ಎರಡು ಗಾಲಿಗಳ ಪಾಡೂ ಇದೇ. ನಮ್ಮ ಎತ್ತಿನ ಗಾಡಿಯ ಗಾಲಿಗಳು ಅಚ್ಚಿನ ಮೇಲೆ ತಮ್ಮತಮ್ಮಷ್ಟಕ್ಕೆ ಉರುಳುವುದರಿಂದ ಅಲ್ಲಿ ಈ ತೊಡಕು ಹುಟ್ಟಲೇ ಇಲ್ಲ. ಅಚ್ಚನ್ನೇ ತಿರುಗಿಸಿ ಗಾಲಿಯನ್ನೋಡಿಸುವ ಉಗಿಬಂಡಿಯ ಕಾಲದಲ್ಲಿ ಅದು ತಲೆದೋರಿದಾಗ, 1827ರಲ್ಲಿ, ಫ್ರಾನ್ಸಿನ ಗಡಿಯಾರಗಾರ ಒನೆಸಿಫೋರ್ ಪೆಕೂರನು ಹಲ್ಲುಚಕ್ರಗಳ ಮೂಲಕ ಪರಿಹಾರವನ್ನು ಕಂಡುಹಿಡಿದು ಪೇಟೆಂಟ್ ಪಡೆದನು.

ಈ ಪರಿಹಾರದಲ್ಲಿ ಒಂದು ದೋಷವೂ ಉಳಿದುಕೊಂಡಿತು. ಚಿತ್ತೆಯ ಮಳೆ ಹಿಡಿದಿದ್ದ ಒಂದು ಮುಂಜಾನೆ, ಗುಬ್ಬಿಯಿಂದ ಚೇಳೂರಿನತ್ತ ಹೋಗುವ ದಾರಿಯ ಬದಿಯ ಅಡಕೆ ತೋಟವೊಂದರ ಅಂಚಿನಲ್ಲಿ, ತೆಂಗಿನಕಾಯಿ ತುಂಬಿದ ಪಿಕಪ್ ಒಂದು ಹೂತು ನಿಂತುದನ್ನು ಕಂಡೆನು. ಎಡ ಹಿಂಗಾಲಿ ಬಸಿಗಾಲುವೆಗೆ ಇಳಿದು, ಕೆಸರನ್ನು ಆಳೆತ್ತರಕ್ಕೆ ಚಿಮ್ಮಿಸುತ್ತ ಗಿರಗಿರನೆ ಸುತ್ತುತ್ತಿದ್ದರೆ, ಗಟ್ಟಿ ನೆಲದ ಮೇಲಿದ್ದ ಬಲಗಾಲಿ, ಈ ಸಂಕಟಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ, ಅಲುಗಾಡದೆ ನಿಂತಿತ್ತು. ತೆಂಗಿನ ಗರಿಗಳನ್ನು ಕಡಿದು ಹಾಸಿದರು, ಕಲ್ಲು ತುರುಕಿದರು, ಗಾಲಿ ಎಲ್ಲವನ್ನೂ ನುಂಗಿತು. ಕಡೆಗೆ ಬಂದ ಟ್ರಾಕ್ಟರಿನ ಒಂದು ಚಕ್ರವೂ ಅದೇ ಕೆಸರಿನಲ್ಲಿ ಜಾರತೊಡಗಿದಾಗ, ಅದರ ಚಾಲಕನು ಗಾಬರಿಗೊಳ್ಳದೆ ಆಸನದ ಬುಡದಲ್ಲಿದ್ದ ಪುಟ್ಟ ಪೆಡಲನ್ನು ಹಿಮ್ಮಡಿಯಿಂದ ಒತ್ತಿ ಹಿಡಿದನು. ಎರಡು ಚಕ್ರಗಳೂ ಒಂದಾಗಿ ತಿರುಗಿದುವು. ಪಿಕಪ್ ದಾರಿಗೆ ಬಂದಿತು. ತಿರುವು ಎದುರಾಗುವ ಮುನ್ನವೇ ಅವನ ಹಿಮ್ಮಡಿ ಮೇಲೆದ್ದಿತ್ತು.

ಆ ಪೆಡಲೇ ಡಿಫರೆನ್ಷಿಯಲ್ ಲಾಕ್. ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯದ ಕೆಳಗಣ ಗದ್ದೆಗಳಲ್ಲಿ ಕೆಸರುಳುಮೆ ಮಾಡುವ ಟ್ರಾಕ್ಟರು ಚಾಲಕರಿಗೆ ಇದರ ಶಾಸ್ತ್ರ ಪುಸ್ತಕದಿಂದ ಬಂದದ್ದಲ್ಲ: ಚಕ್ರ ಜಾರಿದಾಗ ಮಾತ್ರ ಒತ್ತು, ನೇರವಾಗಿ ಹೋಗುವಾಗ ಮಾತ್ರ ಒತ್ತು, ತಿರುಗುವ ಮುನ್ನ ಬಿಡು. ಈಚೆಗೆ ತುಮಕೂರು ನಗರದಲ್ಲಿ ನಾಲ್ಕು ಗಾಲಿಗಳಿಗೂ ಚಾಲನೆಯುಳ್ಳ ಪಿಕಪ್ಪುಗಳನ್ನು ಕೊಳ್ಳುವ ಉತ್ಸಾಹಿಗಳು ಮುಂದಿನ ಡಿಫರೆನ್ಷಿಯಲ್ಲಿಗೆ ಲಾಕರು ಹಾಕಿಸುವುದೋ, ಪೂರ್ತಿ ಬಿಗಿಯದೆ ಜಾರುವಿಕೆಗೆ ಮಿತಿಯಿಡುವ ಲಿಮಿಟೆಡ್ ಸ್ಲಿಪ್ ಹಾಕಿಸುವುದೋ ಎಂದು ವಾದಿಸುವುದನ್ನು ಕೇಳಿದಾಗಲೆಲ್ಲ, ಆ ಹಿಮ್ಮಡಿಯ ವಿವೇಕ ನನಗೆ ನೆನಪಾಗುತ್ತದೆ.

ಲೆಕ್ಕವನ್ನು ಸರಳವಾಗಿ ಹೇಳಬಹುದು. ಕೆಸರಿನಲ್ಲಿರುವ ಗಾಲಿಗೆ 100 ಪಾಲಿನಷ್ಟೇ ಹಿಡಿತ ಸಿಕ್ಕಿದರೆ, ಸಾಮಾನ್ಯ ಡಿಫರೆನ್ಷಿಯಲ್ ಗಟ್ಟಿ ನೆಲದ ಗಾಲಿಗೂ 100 ಪಾಲನ್ನೇ ಕೊಡುತ್ತದೆ, ಒಟ್ಟು 200. ಒಂದಕ್ಕೆ ಮೂರರ ಪ್ರಮಾಣದಲ್ಲಿ ಹಂಚಬಲ್ಲ ಲಿಮಿಟೆಡ್ ಸ್ಲಿಪ್ ಇದ್ದರೆ ಗಟ್ಟಿ ನೆಲದ ಗಾಲಿಗೆ 300 ದೊರೆತು ಒಟ್ಟು 400 ಆಗುತ್ತದೆ. ಲಾಕರಾದರೋ ಎರಡು ಗಾಲಿಗಳನ್ನು ಒಂದೇ ಕಂಬಿಗೆ ಬಿಗಿದಂತೆ ಮಾಡುವುದರಿಂದ, ಗಟ್ಟಿ ನೆಲ ಎಷ್ಟನ್ನು ತಾಳೀತೋ ಅಷ್ಟೂ ಎಳೆತ ಅಲ್ಲಿಗೆ ಸಲ್ಲುತ್ತದೆ. ಒಂದು ಗಾಲಿ ಗಾಳಿಯಲ್ಲೇ ನೇತಾಡುವಾಗ ಹಲ್ಲುಚಕ್ರದ ಲಿಮಿಟೆಡ್ ಸ್ಲಿಪ್ಪಿನ ಮೂರರಷ್ಟು ಸೊನ್ನೆಗೆ ಸೊನ್ನೆಯೇ ಆಗುತ್ತದೆ; ಆಗ ಬ್ರೇಕನ್ನು ಮೆಲ್ಲಗೆ ತುಳಿದು ಆ ಗಾಲಿಗೆ ಕೃತಕವಾದ ತಡೆಯೊಡ್ಡುವ ಚಾತುರ್ಯ ಬೇಕು. ಬಲವೊಂದೇ ಮಾನದಂಡವಾದರೆ ಲಾಕರಿಗೆ ಎದುರಿಲ್ಲ.

ಆದರೆ ಮುಂದಿನ ಗಾಲಿಗೆ ಎಳೆಯುವುದರ ಜೊತೆಗೆ ದಾರಿ ಹಿಡಿಸುವ ಹೊಣೆಯೂ ಉಂಟು. ಬೀಗ ಬಿದ್ದ ಮುಂದಿನ ಗಾಲಿಗಳು ನೇರವಾಗಿಯೇ ಹೋಗಬಯಸುತ್ತವೆ. ಸ್ಟಿಯರಿಂಗ್ ಭಾರವಾಗುತ್ತದೆ, ತಿರುಗುವ ಸುತ್ತಳತೆ ಹಿಗ್ಗುತ್ತದೆ. ಗಾಲಿಗಳನ್ನು ಪೂರ್ತಿ ತಿರುಗಿಸಿದ ಸ್ಥಿತಿಯಲ್ಲಿ ಬಲವೆಲ್ಲ ಒಂದೇ ಬದಿಯ ಆಕ್ಸಲಿಗೂ ಅದರ ತುದಿಯ ಕೀಲಿಗೂ ಬಿದ್ದು, ಅವು ಮುರಿಯುವ ಸಂಭವ ಹೆಚ್ಚುತ್ತದೆ. ಅಡಕೆಯ ಸಾಲುಗಳ ನಡುವೆ ಒಂದೇ ಗಾಡಿ ಹಿಡಿಯುವ ದಾರಿಯಲ್ಲಿ, ಅಥವಾ ಮಳೆಯಲ್ಲಿ ನೆನೆದ ದೇವರಾಯನದುರ್ಗದ ತಿರುವುಗಳಲ್ಲಿ, ಎಳೆತ ಬಂದು ತಿರುವು ಹೋದರೆ ಆ ಲಾಭ ಯಾವ ಪುರುಷಾರ್ಥಕ್ಕೆ? ಇಂತಹೆಡೆ ಮುಂದಿನ ಅಚ್ಚಿಗೆ ಹಲ್ಲುಚಕ್ರದ ಲಿಮಿಟೆಡ್ ಸ್ಲಿಪ್ಪೇ ಸೌಮ್ಯವಾದ ಸಂಗಾತಿ. ಚಾಲಕನ ಅಪ್ಪಣೆಗೆ ಕಾಯದೆ ಕೆಲಸ ಮಾಡುತ್ತದೆ, ತಿರುವಿಗೂ ಎಡೆಗೊಡುತ್ತದೆ. ಬಿಲ್ಲೆಗಳ ಘರ್ಷಣೆಯಿಂದ ನಡೆಯುವ ಬಗೆಯದು ಮಾತ್ರ ಸ್ಟಿಯರಿಂಗನ್ನು ಸ್ವಲ್ಪ ಜಗ್ಗುತ್ತದೆ, ಕಾಲಕ್ರಮೇಣ ಸವೆಯುತ್ತದೆ, ತನಗೆಂದೇ ಇರುವ ಎಣ್ಣೆಯನ್ನು ಬೇಡುತ್ತದೆ.

ಪ್ರತಿವಾದಿಗಳ ಮಾತಿನಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಕಡಿದಾದ ಏರಿನಲ್ಲಿ ಭಾರವು ಹಿಂದಕ್ಕೆ ಸರಿದು ಮುಂದಿನ ಗಾಲಿಗಳು ಹಗುರವಾಗುತ್ತವೆ. ಬಂಡೆಗಳ ಮೇಲೆ ಒಂದು ಗಾಲಿ ಎದ್ದೇ ಹೋಗುತ್ತದೆ. ಅಲ್ಲಿ ಮುಂದಿನ ಲಾಕರು ನಿಜವಾಗಿ ಉಪಕರಿಸುತ್ತದೆ. ನಮ್ಮ ದೇಶದ ಫೋರ್ಸ್ ಗೂರ್ಖಾ ವಾಹನಕ್ಕೆ ಮುಂದೆಯೂ ಹಿಂದೆಯೂ ಲಾಕರುಗಳಿವೆ. ಆದರೆ ಅವೆರಡೂ ಚಾಲಕನು ಬೇಕೆಂದಾಗ ಹಾಕಿ, ಬೇಡವೆಂದಾಗ ತೆಗೆಯುವಂಥವು. ತಾನಾಗಿಯೇ ಬಿಗಿದುಕೊಳ್ಳುವ ಲಾಕರನ್ನು ಮುಂದಿನ ಅಚ್ಚಿಗೆ ಹಾಕಿಸುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. 2022ರಲ್ಲಿ ಭಾರತಕ್ಕೆ ಬಂದ ಟೊಯೋಟಾ ಹೈಲಕ್ಸ್ ಪಿಕಪ್ಪಿನಲ್ಲಿ ತಯಾರಕರು ಲಾಕನ್ನು ಹಿಂದಿನ ಅಚ್ಚಿಗೆ ಇರಿಸಿದರೆಂಬುದೂ ಇಲ್ಲಿ ಗಮನಾರ್ಹ.

ಇನ್ನು, ನಮ್ಮ ಜಿಲ್ಲೆಯಲ್ಲಿ ಎಳನೀರು, ಹಲಸು, ಹೂವು, ಹಾಲಿನ ಕ್ಯಾನುಗಳನ್ನು ಹೊತ್ತು ತಿರುಗುವ ಪಿಕಪ್ಪುಗಳಲ್ಲಿ ಬಹುಪಾಲಿನವಕ್ಕೆ ಚಾಲನೆ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಮುಂದಿನವು ಬರಿದೆ ಉರುಳುವ ಗಾಲಿಗಳಾದ್ದರಿಂದ ಅಲ್ಲಿ ಡಿಫರೆನ್ಷಿಯಲ್ಲೇ ಇಲ್ಲ. ಮಾಲು ಇಳಿಸಿ ಬರಿದಾಗಿ ಹಿಂದಿರುಗುವಾಗ ಹಿಂಬದಿ ಹಗುರವಾಗಿ ಜಾರುವುದೇ ಇವುಗಳ ನಿತ್ಯದ ಕಷ್ಟ. ಟ್ರಾಕ್ಟರಿನವನಿಗೆ ದೊರೆತ ಆ ಒಂದು ಪೆಡಲಿನ ಸೌಕರ್ಯ, ಅದೇ ತೋಟದ ದಾರಿಯಲ್ಲಿ ಬದುಕು ಸಾಗಿಸುವ ಪಿಕಪ್ಪಿನವನಿಗೂ ಹಿಂದಿನ ಅಚ್ಚಿನಲ್ಲಿ ದೊರೆಯಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ. ಮುಂದಿನ ಲಾಕರಿನ ವೈಭವಕ್ಕಿಂತ ಇದರಿಂದ ಹೆಚ್ಚು ಜನಕ್ಕೆ ಉಪಯೋಗವುಂಟು.

ಕೊಳ್ಳುವವರಿಗೆ ನನ್ನ ವಿಜ್ಞಾಪನೆ ಇಷ್ಟೆ. ವರುಷದ 365 ದಿನಗಳಲ್ಲಿ ನಿಮ್ಮ ಗಾಡಿ ಎಷ್ಟು ದಿನ ಹೂಳುತ್ತದೆಂದು ಮೊದಲು ಎಣಿಸಿರಿ. ಹೊಸ ಬಿಡಿಭಾಗ ಹಾಕಿಸುವ ಮುನ್ನ ವಾರಂಟಿಯ ಷರತ್ತುಗಳನ್ನು ಓದಿರಿ, ವಿಮೆಯವರನ್ನೂ ಸಾರಿಗೆ ಕಚೇರಿಯನ್ನೂ ವಿಚಾರಿಸಿರಿ. ಮೊದಲ ಹಣ ನಾಲ್ಕು ಒಳ್ಳೆಯ ಟೈರುಗಳಿಗೆ; ಎರಡನೆಯದು ಹಿಂದಿನ ಲಾಕರಿಗೆ; ಮುಂದಿನ ಗಾಲಿಗೂ ಚಾಲನೆಯಿದ್ದು ಇನ್ನೂ ಹಣ ಉಳಿದರೆ, ಆಗ ಮುಂದಿನ ಅಚ್ಚಿಗೆ ಲಿಮಿಟೆಡ್ ಸ್ಲಿಪ್.