ಹೊಸ ಹೊದಿಕೆಗೆ ಮುನ್ನ ಹಳೆಯ ತೊಲೆ ನೋಡಿ

ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುವುದು ಮಲೆನಾಡಿನ ಮನೆಗಳ ವಾಡಿಕೆ. ಹೆಂಚು ಇಳಿಸಿದ ದಿನ ಹಿರಿಯರು ರೀಪು, ಪಕಾಸುಗಳನ್ನು ಬಡಿದು ನೋಡುತ್ತಾರೆ; ಗೆದ್ದಲು ತಿಂದದ್ದನ್ನು ಬದಲಿಸಿದ ನಂತರವೇ ಹೆಂಚು ಮತ್ತೆ ಮೇಲೇರುತ್ತದೆ. ಈ ವಿವೇಕವನ್ನು ನಗರವು ಮರೆಯುತ್ತಿದೆ. ವ್ಯಾಸಂಗಕ್ಕೂ ಉದ್ಯೋಗಕ್ಕೂ ಹೋದ ಮಲೆನಾಡಿನ ಮಕ್ಕಳು ಯಶವಂತಪುರ, ಹೆಬ್ಬಾಳ, ಆರ್.ಟಿ. ನಗರಗಳ ಹಳೆಯ ಕಟ್ಟಡಗಳಲ್ಲಿ ಬಾಡಿಗೆಗಿರುವುದರಿಂದ ಇದು ಗುಡ್ಡಗಾಡಿನ ಊರುಗಳ ಪ್ರಶ್ನೆಯೂ ಹೌದು.

ಹಳೆಯ ಬೆಂಗಳೂರಿನದು ಮದ್ರಾಸ್ ತಾರಸಿ: ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಂಧಿಸಿದ ಚಾವಣಿ. ನಂತರದ ಬಡಾವಣೆಗಳದು ಕಬ್ಬಿಣದ ಸರಳಿನ ಕಾಂಕ್ರೀಟ್. ಎರಡೂ ಸೋರಿದಾಗ ಮಾಡುವ ಸುಲಭದ ಚಿಕಿತ್ಸೆ ಒಂದೇ, ಮೇಲೊಂದು ಹೊಸ ಪದರ. ಐದು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಪದರ ಪ್ರತಿ ಚದರ ಮೀಟರಿಗೆ ಸುಮಾರು 120 ಕಿಲೋಗ್ರಾಂ ತೂಗುತ್ತದೆ. ಜನರು ಓಡಾಡುವ ತಾರಸಿಗೆ ಭಾರತೀಯ ಮಾನಕ 875ರ ಎರಡನೆಯ ಭಾಗವು (1987) ಲೆಕ್ಕ ಹಿಡಿಯುವ ಬಳಕೆಯ ಭಾರವೇ ಸುಮಾರು 150 ಕಿಲೋಗ್ರಾಂ. ಅದರ ಮೇಲೆ ಸಾವಿರ ಲೀಟರಿನ ತೊಟ್ಟಿಯೊಂದು ಬಂದರೆ ನೀರಿನದೇ ಒಂದು ಟನ್ ಭಾರ.

ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ತೊಲೆ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿದ, ತೇವ ಹಿಡಿದಿಡುವ ತುದಿಯಲ್ಲಿ. ಅಲ್ಲಿ ದಬ್ಬಳ ಚುಚ್ಚಿದಾಗ ಸಲೀಸಾಗಿ ಇಳಿದರೆ ಆ ಮರವನ್ನು ನಂಬುವಂತಿಲ್ಲ. ತೊಲೆಯುದ್ದಕ್ಕೂ ದಾರ ಎಳೆದು ಹಿಡಿದರೆ ಬಾಗು ಕಾಣುತ್ತದೆ. ಕಾಂಕ್ರೀಟಿನ ಕ್ಷಾರಗುಣವೇ ಸರಳಿನ ರಕ್ಷಣೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಾನುಗಟ್ಟಲೆ ಒಳಸೇರಿ ಆ ಗುಣವನ್ನು ಕುಂದಿಸುತ್ತದೆ. ತೇವ ತಗುಲಿದ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನು ಕೆಳಗಿನಿಂದ ಸೀಳುತ್ತದೆ. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಬಳಸುವ ಫಿನಾಲ್ಫ್ಥಲೀನ್ ದ್ರಾವಣವನ್ನು ಹೊಸದಾಗಿ ಒಡೆದ ಭಾಗಕ್ಕೆ ಹಚ್ಚಿದರೆ ಕ್ಷಾರ ಉಳಿದಲ್ಲಿ ಗುಲಾಬಿ ಬಣ್ಣ ಬರುತ್ತದೆ, ಕಳೆದುಹೋದಲ್ಲಿ ಬಣ್ಣ ಬಾರದು. ಸುತ್ತಿಗೆಯಿಂದ ತಟ್ಟಿದಾಗ ಬರುವ ಟೊಳ್ಳು ದನಿ, ಸರಳಿನ ಜಾಡಿನಲ್ಲೇ ಮೂಡಿದ ಬಿರುಕು, ತುಕ್ಕಿನ ಕಲೆ ಇವೆಲ್ಲ ಪರಿಣತ ಎಂಜಿನಿಯರನ್ನು ಕರೆಸಬೇಕೆಂಬ ಸೂಚನೆಗಳು.

ಹಳೆಯ ಹೊದಿಕೆ ತೆಗೆದ ದಿನವೇ ಈ ಪರೀಕ್ಷೆಗೆ ತಕ್ಕ ದಿನ. ಹೊಸದು ಮುಚ್ಚಿದರೆ ದಶಕಗಳವರೆಗೆ ಮತ್ತೆ ಆ ಅವಕಾಶವಿಲ್ಲ. ಕಿತ್ತ ಹೆಂಚು, ಗಾರೆಗಳನ್ನು ಚಾವಣಿಯ ನಡುವೆ ರಾಶಿ ಹಾಕದೆ ಕೂಡಲೇ ಕೆಳಗಿಳಿಸಬೇಕು. ಸಂಶಯವಿದ್ದಲ್ಲಿ ಅಡಿಯಿಂದ ಆಧಾರ ಕೊಟ್ಟ ಬಳಿಕವೇ ಮೇಲೆ ಕೆಲಸ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಲಕ್ಕಸಂದ್ರದಲ್ಲಿ ಹಳೆಯ ಕಟ್ಟಡವೊಂದು ಕುಸಿದಾಗ ಒಳಗಿದ್ದ ಕಾರ್ಮಿಕರು ಮೊದಲೇ ಹೊರಬಂದಿದ್ದರಿಂದ ಜೀವ ಉಳಿಯಿತು. ಎಲ್ಲ ಕಟ್ಟಡಗಳೂ ಅಷ್ಟು ಸಮಯ ಕೊಡುವುದಿಲ್ಲ.

ಪರೀಕ್ಷೆಯೆಂದರೆ ಕೆಡಹುವುದಕ್ಕೆ ನೆಪವಲ್ಲ. ಗಟ್ಟಿಯಾಗಿರುವ ತೊಲೆಯನ್ನು ಉಳಿಸಿಕೊಂಡರೆ ಅಷ್ಟು ಮರ ಕಾಡಿನಲ್ಲಿ, ಅಷ್ಟು ಮರಳು ಹೊಳೆಯಲ್ಲಿ ಉಳಿದೀತು. ಚಾವಣಿ ದುರಸ್ತಿಗೆ ಮುನ್ನ ಅದರ ಬಲವನ್ನು ಪರೀಕ್ಷಿಸಬೇಕೆಂದು ನಗರಾಡಳಿತವು ಕಟ್ಟುನಿಟ್ಟು ಮಾಡಬೇಕು. ಅಲ್ಲಿಯವರೆಗೆ ಬಾಡಿಗೆದಾರರೂ ಅವರ ಊರಿನ ಹೆತ್ತವರೂ ಮನೆಯೊಡೆಯರನ್ನು ಕೇಳಲಿ: ಮೇಲೆ ಹೊಸದು ಹಾಕಿದಿರಿ, ಕೆಳಗಿನದನ್ನು ನೋಡಿದಿರಾ?