ಪಿಗ್ಮಿಯೂ ಪೀನಟ್ಸೂ

ಸಣ್ಣದರ ಹೇಳ್ಲೆ ನಮ್ಮ ಮನೆಮಾತಿಲಿ ಶಬ್ದಕ್ಕೆ ಬರಗಾಲ ಇಲ್ಲೆ. ರಜ್ಜ, ಚೂರು, ಚಿಟಿಕೆ, ಎಳ್ಳಷ್ಟು, ಒಂದು ಹನಿ. ನೆರೆಕರೆಯ ತುಳುವಿಲಿ ಒಂತೆ. ಸಾರಿಂಗೆ ಇಂಗು ಎಳ್ಳಷ್ಟೇ ಸಾಕು, ಆದರೆ ಅದು ಇಲ್ಲದ್ದರೆ ಸಾರು ಸಾರೇ ಅಲ್ಲ. ರಜ್ಜ ಮಜ್ಜಿಗೆ ಹೆಪ್ಪು ಹಾಕಿರೆ ಪಾತ್ರೆ ಹಾಲು ಇಡೀ ಮೊಸರಾವ್ತು. ಸಣ್ಣದು ಹೇಳಿರೆ ಕೆಲಸಕ್ಕೆ ಬಾರದ್ದು ಹೇಳಿ ಅರ್ಥ ಅಲ್ಲ, ಅಡಿಗೆ ಮಾಡುವವಕ್ಕೆ ಇದು ಗೊಂತಿದ್ದು.

ಈಗ ಮಕ್ಕಳ ಬಾಯಿಲಿ ಇಂಗ್ಲಿಷಿನ ಶಬ್ದಂಗೊ ಬತ್ತು. ಸ್ಮಾಲ್ ಚೇಂಜ್, ಪೀನಟ್ಸ್. ನವಗೆ ನೆಲಕಡಲೆ ಬೇಶಿ ತಿಂಬ ವಸ್ತು, ಇಂಗ್ಲಿಷಿಲಿ ಅದು ಲೆಕ್ಕಕ್ಕೆ ಇಲ್ಲದ್ದ ಪೈಸೆ. ಡೈರಿಗೆ ಎರಡು ಲೀಟರು ಹಾಲು ಕೊಟ್ಟ ಪೈಸೆ, ಬಂಟ್ವಾಳ, ಬೆಳ್ತಂಗಡಿ ಹೊಡೆಲಿ ಜೆಗುಲಿಲಿ ಕೂದು ಬೀಡಿ ಕಟ್ಟಿದ ಪೈಸೆ, ಮೂಡುಬಿದಿರೆ ಪೇಟೆಗೆ ಮಲ್ಲಿಗೆ ಕೊಟ್ಟ ಪೈಸೆ, ಎಲ್ಲವೂ ಬೆಂಗಳೂರಿನ ಸಂಬಳದ ಎದುರು ಪೀನಟ್ಸ್ ಅಡ. ಕವಡೆ ಕಾಸು ಹೇಳಿ ನಾವೂ ತಾತ್ಸಾರ ಮಾಡ್ತು, ಅಪ್ಪು. ಆದರೆ ಮನೆಯ ಹೆಮ್ಮಕ್ಕಳ ದುಡಿಮೆಗೆ ಆ ಶಬ್ದ ಆರೂ ಹಾಕುತ್ತವಿಲ್ಲೆ.

ಇಂಗ್ಲಿಷಿನ ಇನ್ನೊಂದು ಸಣ್ಣ ಶಬ್ದವ ನಮ್ಮ ಕರಾವಳಿಯವು ಮದಲೇ ಮನೆಯ ಶಬ್ದ ಮಾಡಿಗೊಂಡಿದವು: ಪಿಗ್ಮಿ. ಹೇಳಿರೆ ಗಿಡ್ಡ, ತೀರಾ ಸಣ್ಣದು. 1925ರಲ್ಲಿ ಉಡುಪಿಲಿ ಹುಟ್ಟಿ, ಮತ್ತೆ ಸಿಂಡಿಕೇಟ್ ಬ್ಯಾಂಕ್ ಹೇಳಿ ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಸುರು ಮಾಡಿತ್ತು. ದಿನಕ್ಕೆ ಎರಡಾಣೆ ಕಟ್ಟಿರೂ ಸಾಕು, ಏಜೆಂಟು ಮನೆಬಾಗಿಲಿಂಗೇ ಬಂದು ತೆಕ್ಕೊಂಡು ಹೋಪ ಕ್ರಮ. ಎರಡಾಣೆ ಹಿಡ್ಕೊಂಡು ಬ್ಯಾಂಕಿನ ಮೆಟ್ಲು ಹತ್ತುಲೆ ನಾಚಿಕೆ ಅಪ್ಪವಕ್ಕೆ ಅದೆಷ್ಟು ಉಪಕಾರ! 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನೊಟ್ಟಿಂಗೆ ಸೇರಿತ್ತು, ಹೆಸರು ಹೋತು. ಪಿಗ್ಮಿ ಹೇಳುವ ಶಬ್ದ ಹೋಯಿದಿಲ್ಲೆ. ಈಗಳೂ ಅಂಗಡಿಯವು, ರಿಕ್ಷಾದವು ಸೊಸೈಟಿಗೆ ಪಿಗ್ಮಿ ಕಟ್ತವು.

ಒಂದೇ ಭಾಷೆಯ ಎರಡು ಶಬ್ದ. ಪಿಗ್ಮಿ ಸಣ್ಣ ಪೈಸೆಗೂ ಪಾಸ್‌ಪುಸ್ತಕಲ್ಲಿ ಒಂದು ಗೆರೆ ಕೊಟ್ಟತ್ತು. ಪೀನಟ್ಸ್ ಅದರ ಲೆಕ್ಕಂದಲೇ ಹೆರ ಹಾಕಿತ್ತು. ಲೆಕ್ಕಂದ ಹೆರ ಹೋದ ಪೈಸೆಯ ಖರ್ಚು ಮಾಡುವಗ ದುಡುದವರ ಒಂದು ಮಾತು ಕೇಳುವ ಕ್ರಮವೂ ಹೋವ್ತು. ಎನ್ನ ಹೆದರಿಕೆ ಅದು.

ದಿನಕ್ಕೆ 20 ರೂಪಾಯಿ ತೆಗದು ಮಡುಗಿರೆ ವರ್ಷಕ್ಕೆ 7,300 ಆವ್ತು. ಅಕ್ಕಂದಿರೇ, ಮಕ್ಕೊ ಪೀನಟ್ಸ್ ಹೇಳಿರೆ ನೆಗೆ ಮಾಡಿ ಬಿಡೆಡಿ, ಈ ಲೆಕ್ಕ ಹೇಳಿ. "ಎನ್ನದು ಎಂತ ಮಹಾ, ರಜ್ಜ ಪೈಸೆ" ಹೇಳಿ ನಾವೇ ಹೇಳುದರನ್ನೂ ನಿಲ್ಸುವ. ರಜ್ಜ ಅಪ್ಪು. ಹೆಪ್ಪಿನ ಹಾಂಗಿಪ್ಪ ರಜ್ಜ.